ಸೋರಿಯಾಸಿಸ್ ಇರುವ ಮಗುವಿಗೆ ಕೊಲೆಸ್ಟರಾಲ್ ಪರೀಕ್ಷೆ ಏಕೆ?

ಪ್ರಶ್ನೆ: 11 ವರ್ಷದ ನನ್ನ ಮಗಳಿಗೆ ಮೂರು ವರ್ಷಗಳಿಂದ ಸೋರಿಯಾಸಿಸ್ ಇದೆ. ಈಚೆಗೆ ಚರ್ಮವೈದ್ಯರು ಅವಳ ತೂಕ, ರಕ್ತದೊತ್ತಡ ನೋಡಿ, ಕೊಲೆಸ್ಟರಾಲ್ ಪರೀಕ್ಷೆಗೂ ಬರೆದುಕೊಟ್ಟರು. ಕಾಯಿಲೆ ಹೃದಯಕ್ಕೂ ತಗುಲಿದೆಯೇ? ಇಸಿಜಿ, ಎಕೋ ಮಾಡಿಸಬೇಕೇ?

ಉತ್ತರ: ದಯವಿಟ್ಟು ಗಾಬರಿಯಾಗಬೇಡಿ. ಸೋರಿಯಾಸಿಸ್ ಇರುವ ಎಲ್ಲ ಮಕ್ಕಳಿಗೂ ಸಲಹೆ ಮಾಡುವ ತಪಾಸಣೆಗಳಿವು. ಇವನ್ನು ಹೇಳಿದ ಮಾತ್ರಕ್ಕೆ ಹೃದಯಕ್ಕೆ ತೊಂದರೆಯಾಗಿದೆ ಎಂದು ಅರ್ಥವಲ್ಲ.

ಸೋರಿಯಾಸಿಸ್‌ನಲ್ಲಿ ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯಿಂದಾಗುವ ಉರಿಯೂತವು ನಮಗೆ ಚರ್ಮದ ಮೇಲೆ ಕಾಣಿಸಿದರೂ, ಅದಕ್ಕೆ ಕಾರಣವಾದ ಟಿಎನ್‌ಎಫ್, ಐಎಲ್-17 ಮೊದಲಾದ ಪ್ರೋಟೀನುಗಳು ರಕ್ತದಲ್ಲಿಯೂ ಸಂಚರಿಸಿ, ವರ್ಷಗಳು ಕಳೆದಂತೆ ರಕ್ತನಾಳಗಳ ಒಳಪದರವನ್ನು ಬಾಧಿಸಬಲ್ಲವು. ತೀವ್ರ ಸೋರಿಯಾಸಿಸ್ ಇರುವ ವಯಸ್ಕರಲ್ಲಿ ಹೃದಯಾಘಾತದ ಸಂಭವ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಮಕ್ಕಳಲ್ಲಿ ಹೃದಯಾಘಾತ ತೀರ ಅಪರೂಪ. ಆದರೆ ಬೊಜ್ಜು, ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್‌ನ ಏರುಪೇರುಗಳು ಈ ಮಕ್ಕಳಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುವುದರಿಂದ, ಅವನ್ನು ಬೇಗ ಗುರುತಿಸುವುದು ಜಾಣತನ.

ಎತ್ತರ ಮತ್ತು ತೂಕದ ಅನುಪಾತವನ್ನು 2ನೇ ವಯಸ್ಸಿನಿಂದ, ರಕ್ತದೊತ್ತಡವನ್ನು 3ನೇ ವಯಸ್ಸಿನಿಂದ ಪ್ರತಿ ವರ್ಷ ನೋಡಬೇಕು. ಕೊಲೆಸ್ಟರಾಲನ್ನು 9ರಿಂದ 11 ವರ್ಷದೊಳಗೆ ಒಮ್ಮೆ, 17ರಿಂದ 21ರೊಳಗೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ನಿಮ್ಮ ಮಗಳದು ಸರಿಯಾಗಿ ಆ ವಯಸ್ಸು. ಅವಳ ರಕ್ತದೊತ್ತಡದ ಅಂಕಿಯನ್ನು ದೊಡ್ಡವರ ಅಂಕಿಯೊಂದಿಗೆ ಹೋಲಿಸಬೇಡಿ. ಈ ವಯಸ್ಸಿನಲ್ಲಿ ಅದನ್ನು ವಯಸ್ಸು, ಲಿಂಗ, ಎತ್ತರಗಳಿಗೆ ತಕ್ಕಂತೆ ಅಳೆದು ನಿರ್ಧರಿಸುತ್ತಾರೆ.

ಸೋರಿಯಾಸಿಸ್‌ಗೆ ಕೊಡುವ ಔಷಧಗಳ ಬಗ್ಗೆಯೂ ಎಚ್ಚರವಿರಲಿ. ಸೈಕ್ಲೋಸ್ಪೋರಿನ್ ರಕ್ತದೊತ್ತಡವನ್ನೂ, ಅಸಿಟ್ರೆಟಿನ್ ರಕ್ತದ ಕೊಬ್ಬನ್ನೂ ಏರಿಸಬಲ್ಲವು. ಹಾಗೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದು ತಪ್ಪು.

ನನಗೆ ಹೆಚ್ಚು ಕಳವಳ ತರುವ ಸಂಗತಿ ಬೇರೆಯದು. ಕಲೆಗಳು ಕಾಣುತ್ತವೆಂಬ ಸಂಕೋಚದಿಂದ ಎಷ್ಟೋ ಮಕ್ಕಳು ಆಟ, ಈಜು ಬಿಟ್ಟು ಒಳಗೇ ಉಳಿಯುತ್ತಾರೆ, ತೂಕ ಏರುತ್ತದೆ, ಏರಿದ ತೂಕ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಇದು ಅಂಟುರೋಗವಲ್ಲವೆಂದು ಶಾಲೆಯ ಶಿಕ್ಷಕರಿಗೆ ನೀವೇ ತಿಳಿಸಿ, ಅವಳಿಗೆ ಇಷ್ಟವಾದ ಆಟವನ್ನು ದಿನಕ್ಕೆ ಒಂದು ಗಂಟೆಯಾದರೂ ಆಡಲು ಬಿಡಿ. ತೂಕದ ಮಾತನ್ನು ಅವಳೆದುರು ಪದೇಪದೇ ಎತ್ತುವ ಬದಲು ಮನೆಮಂದಿಯೆಲ್ಲರ ಊಟದ ಕ್ರಮವನ್ನೇ ತಿದ್ದಿಕೊಳ್ಳಿ. ಮನೆಯೊಳಗೆ ಯಾರೂ ಧೂಮಪಾನ ಮಾಡಕೂಡದು.

ಇಸಿಜಿ, ಎಕೋ ಎಲ್ಲರಿಗೂ ಬೇಕಿಲ್ಲ. ಆಡುವಾಗ ಎದೆನೋವು, ತಲೆಸುತ್ತಿ ಬೀಳುವುದು ಅಥವಾ ಅಕಾರಣವಾಗಿ ಏದುಸಿರು ಕಂಡುಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.