ಸಿರಿಯಾದ ಪಾಲ್ಮೈರಾ ನಗರಕ್ಕಾಗಿ ಅಷ್ಟೊಂದು ಕಾದಾಟ ಏಕೆ ನಡೆಯಿತು?

ಪಾಲ್ಮೈರಾ ಜಗತ್ತಿಗೆ ಪರಿಚಿತವಾದದ್ದು ರೋಮನ್ ಕಾಲದ ಅವಶೇಷಗಳಿಂದ. ಆದರೆ ಸೇನೆಗಳನ್ನು ಅಲ್ಲಿಗೆ ಸೆಳೆದದ್ದು ಅದು ಇರುವ ಜಾಗ. ಹೋಮ್ಸ್‌ನಿಂದ ಪೂರ್ವದ ದೇರ್ ಎಜ್‌ಜೋರ್‌ಗೆ ಹೋಗುವ ಮರುಭೂಮಿಯ ಹೆದ್ದಾರಿ ಈ ಓಯಸಿಸ್ ನಗರವನ್ನು ಹಾದೇ ಸಾಗುತ್ತದೆ. ಸುತ್ತಮುತ್ತ ಅನಿಲ ನಿಕ್ಷೇಪಗಳೂ ಇವೆ.

2015ರ ಮೇ ತಿಂಗಳಲ್ಲಿ ಐಸಿಸ್ ನಗರವನ್ನು ವಶಪಡಿಸಿಕೊಂಡಿತು. ಆಗಸ್ಟ್‌ನಲ್ಲಿ ಬೇಲ್ ದೇವಾಲಯವನ್ನು ಸ್ಫೋಟಿಸಿತು. ಅದೇ ತಿಂಗಳು, ದಶಕಗಳ ಕಾಲ ಆ ಅವಶೇಷಗಳನ್ನು ಕಾಪಾಡಿದ್ದ, ಎಂಬತ್ತು ದಾಟಿದ್ದ ಪುರಾತತ್ವಜ್ಞ ಖಾಲೆದ್ ಅಲ್ ಅಸಾದ್ ಅವರ ಶಿರಚ್ಛೇದ ಮಾಡಿತು. ನನ್ನ ಮಟ್ಟಿಗೆ ಕಲ್ಲುಗಳ ನಾಶಕ್ಕಿಂತ ದೊಡ್ಡ ನಷ್ಟ ಅದೇ.

2016ರ ಮಾರ್ಚ್‌ನಲ್ಲಿ ರಷ್ಯಾದ ವೈಮಾನಿಕ ನೆರವಿನಿಂದ ಸರ್ಕಾರಿ ಸೇನೆ ಗೆದ್ದಿತು. ಡಿಸೆಂಬರ್‌ನಲ್ಲಿ ಅದರ ಬಲ ಅಲೆಪ್ಪೊದತ್ತ ಹರಿದಿದ್ದಾಗ ಐಸಿಸ್ ಮರಳಿತು. 2017ರ ಮಾರ್ಚ್‌ನಲ್ಲಿ ಸೇನೆ ಮತ್ತೆ ನಗರವನ್ನು ಹಿಡಿಯಿತು.