ಫೈಲ್ ಸರ್ವರ್ ಸಿಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ

ಪ್ರಶ್ನೆ: ಸರ್, ನಮ್ಮ ಆಫೀಸಿಗೆ ಎರಡು ಕಟ್ಟಡ. ಮುಖ್ಯ ಕಟ್ಟಡದ ನೆಟ್‌ವರ್ಕ್ 192.168.10.0, ಅಲ್ಲಿನ ಫೈರ್‌ವಾಲ್ 192.168.10.1, ಇಂಟರ್ನೆಟ್ ಬರುವುದು ಅದರ ಮೂಲಕವೇ. ಈಗ ಗೋಡೌನಿಗೆ ಅಂತ ಹೊಸದಾಗಿ 192.168.20.0 ಅನ್ನುವ ಬೇರೆ ನೆಟ್‌ವರ್ಕ್ (ಸಬ್‌ನೆಟ್) ಮಾಡಿದ್ದೇವೆ. ನಡುವೆ ಲೀಸ್ಡ್ ಲೈನ್ ಇದೆ, ಮುಖ್ಯ ಕಟ್ಟಡದ ಬದಿಯ ರೂಟರ್ 192.168.10.2. ಗೋಡೌನಿನ ಕಂಪ್ಯೂಟರುಗಳಲ್ಲಿ ಮುಖ್ಯ ಕಟ್ಟಡದ ಫೈಲ್ ಸರ್ವರ್ ಚೆನ್ನಾಗಿ ತೆರೆಯುತ್ತದೆ. ಇಂಟರ್ನೆಟ್ ಇಲ್ಲ. ಫೈರ್‌ವಾಲ್ ಪಿಂಗ್‌ಗೂ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶಕ್ಕೂ) ಉತ್ತರ ಕೊಡುವುದಿಲ್ಲ. ಎಲ್ಲವನ್ನೂ ಅಲೌ ಮಾಡುವ ರೂಲ್ ಹಾಕಿದೆ, ಏನೂ ಬದಲಾಗಲಿಲ್ಲ. ಫೈಲ್ ಸರ್ವರ್ ಸಿಗುತ್ತದೆ ಅಂದ ಮೇಲೆ ರೂಟಿಂಗ್ ಸರಿಯಾಗಿಯೇ ಇರಬೇಕು ಅಲ್ವಾ? ಹಾಗಾದರೆ ಫೈರ್‌ವಾಲೇ ಕೆಟ್ಟಿದೆಯಾ?

ಉತ್ತರ: ಮೊದಲು ಆ ಎಲ್ಲ ಅಲೌ ಮಾಡುವ ರೂಲ್ ತೆಗೆದುಬಿಡಿ. ನಾನೂ ಒಮ್ಮೆ ಐದೇ ನಿಮಿಷಕ್ಕೆ ಅಂತ ಹಾಗೊಂದು ರೂಲ್ ಹಾಕಿ ಮರೆತಿದ್ದೆ. ತಿಂಗಳುಗಟ್ಟಲೆ ಆದ ಮೇಲೆ ಇನ್ನೇನೋ ಹುಡುಕುವಾಗ ಅದು ಕಣ್ಣಿಗೆ ಬಿತ್ತು, ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಿಮ್ಮ ಫೈರ್‌ವಾಲ್ ಕೆಟ್ಟಿಲ್ಲ ಅಂತಲೇ ನನ್ನ ಅನಿಸಿಕೆ. ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಫೈಲ್ ಸರ್ವರ್. ಸ್ವಲ್ಪ ಯೋಚನೆ ಮಾಡಿ. ಗೋಡೌನಿನ 192.168.20.25 ಅನ್ನುವ ಕಂಪ್ಯೂಟರ್ ಏನೋ ಕೇಳಿತು, ಸರ್ವರ್ ಉತ್ತರ ಕೊಡಬೇಕು. 192.168.20 ಅನ್ನುವುದು ಅದರ ಸ್ವಂತ ನೆಟ್‌ವರ್ಕ್ ಅಲ್ಲ, ಹಾಗಾಗಿ ಉತ್ತರವನ್ನು ಗೇಟ್‌ವೇಗೆ (ಬೇರೆ ನೆಟ್‌ವರ್ಕ್‌ಗಳಿಗೆ ದಾಟಿಸುವ ಯಂತ್ರಕ್ಕೆ), ಅಂದರೆ ಫೈರ್‌ವಾಲ್‌ಗೇ ಒಪ್ಪಿಸಬೇಕಿತ್ತು. ಆದರೆ ಗೋಡೌನ್ ಕಡೆಯಿಂದ ಫೈರ್‌ವಾಲ್ ಪಿಂಗ್‌ಗೂ ಸಿಗುತ್ತಿಲ್ಲ. ಮತ್ತೆ ಸರ್ವರಿನ ಉತ್ತರ ಹೇಗೆ ತಲುಪುತ್ತಿದೆ? ಸರ್ವರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ರೂಟ್ ಪ್ರಿಂಟ್’ ಕೊಟ್ಟು ನೋಡಿ. ಕೆಳಗಡೆ ‘ಪರ್ಸಿಸ್ಟೆಂಟ್ ರೂಟ್ಸ್’ (ಕಾಯಂ ದಾರಿಗಳು) ಅನ್ನುವ ಜಾಗದಲ್ಲಿ 192.168.20.0 ಗೆ 192.168.10.2 ಅಂತ ಒಂದು ಸಾಲು ಕಂಡರೆ ಕಥೆ ಗೊತ್ತಾಯಿತು ಅಂತಲೇ ಲೆಕ್ಕ. ಲೈನ್ ಹಾಕಿದ ದಿನ ಯಾರೋ ಟೆಸ್ಟ್ ಮಾಡಲು ಆ ಒಂದು ಸರ್ವರಿಗೆ ಮಾತ್ರ ಕೈಯಾರೆ ರೂಟ್ ಬರೆದು ಹೋಗಿದ್ದಾರೆ. ಇನ್ನೂ ಅನುಮಾನ ಇದ್ದರೆ ಗೋಡೌನಿನಿಂದ ಮುಖ್ಯ ಕಟ್ಟಡದ ಒಂದು ಪ್ರಿಂಟರ್‌ಗೆ ಪಿಂಗ್ ಮಾಡಿ. ಪಾಪ, ಅದಕ್ಕೆ ಯಾರೂ ರೂಟ್ ಬರೆದಿರುವುದಿಲ್ಲ, ಉತ್ತರ ಬರುವುದಿಲ್ಲ.

ಈಗ ಫೈರ್‌ವಾಲ್ ಕಡೆಯಿಂದ ನೋಡೋಣ. ಅದಕ್ಕೆ 192.168.10.0 ಗೊತ್ತು, ಏಕೆಂದರೆ ಕೇಬಲ್ ನೇರವಾಗಿ ಅಲ್ಲಿಗೇ ಚುಚ್ಚಿದೆ. 192.168.20.0 ಅನ್ನುವುದು ಎಲ್ಲಿದೆ ಅಂತ ಯಾರೂ ಹೇಳಿಲ್ಲ. ಗೊತ್ತಿಲ್ಲದ ವಿಳಾಸವನ್ನೆಲ್ಲ ಅದು ಡಿಫಾಲ್ಟ್ ರೂಟ್ ಹಿಡಿದು ಹೊರಗಡೆ, ಇಂಟರ್ನೆಟ್ ಕೊಡುವವರ ಕಡೆಗೆ ತಳ್ಳುತ್ತದೆ. ಅಂದರೆ ಗೋಡೌನಿಗೆ ಹೋಗಬೇಕಾದ ಉತ್ತರ ಬೀದಿಗೆ ಹೋಗಿ ಅಲ್ಲೇ ಸಾಯುತ್ತದೆ. ಎಷ್ಟೋ ಫೈರ್‌ವಾಲ್‌ಗಳಲ್ಲಿ ಅಷ್ಟು ದೂರವೂ ಹೋಗುವುದಿಲ್ಲ. ಒಳಗಿನ ಪೋರ್ಟಿನಲ್ಲಿ ಡೇಟಾದ ಒಂದು ತುಂಡು, ಅಂದರೆ ಪ್ಯಾಕೆಟ್, ಬಂತು, ಕಳಿಸಿದವರ ವಿಳಾಸ 192.168.20.25, ಆದರೆ ನನ್ನ ರೂಟ್ ಟೇಬಲ್ ಪ್ರಕಾರ ಆ ವಿಳಾಸ ಹೊರಗಿನ ಪೋರ್ಟಿನ ಕಡೆ ಇದೆ, ಹಾಗಾದರೆ ಇದು ಕಳ್ಳ ಪ್ಯಾಕೆಟ್ ಅಂತ ಬಾಗಿಲಲ್ಲೇ ಎಸೆದುಬಿಡುತ್ತದೆ. ಇದಕ್ಕೆ ಆಂಟಿ ಸ್ಪೂಫಿಂಗ್ ಅಂತಾರೆ. ಇದು ನಡೆಯುವುದು ರೂಲ್‌ಗಳನ್ನು ನೋಡುವ ಮೊದಲೇ. ನೀವು ಎಲ್ಲವನ್ನೂ ಅಲೌ ಮಾಡಿದರೂ ಏನೂ ಆಗದೇ ಇದ್ದದ್ದಕ್ಕೆ ಅಷ್ಟೇ ಕಾರಣ ಇರಬಹುದು.

ಫೈರ್‌ವಾಲ್‌ನಲ್ಲಿ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಸೇರಿಸಿ: 192.168.20.0, ಮಾಸ್ಕ್ 255.255.255.0, ಗೇಟ್‌ವೇ 192.168.10.2. ಈಗ ಗೋಡೌನಿನಿಂದ ಫೈರ್‌ವಾಲ್‌ಗೆ ಪಿಂಗ್ ಹೋಗಬೇಕು. ಕೆಲವು ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡುವುದನ್ನೇ ಬಂದ್ ಮಾಡಿರುತ್ತವೆ, ಅದನ್ನೊಮ್ಮೆ ನೋಡಿಕೊಳ್ಳಿ.

ಇಷ್ಟಾದರೂ ಇಂಟರ್ನೆಟ್ ಬರದೇ ಇರಬಹುದು, ಗಾಬರಿ ಬೇಡ. ಎಡವುವ ಎರಡನೇ ಜಾಗ ನ್ಯಾಟ್, ಅಂದರೆ ಹೊರಗೆ ಹೋಗುವ ಪ್ಯಾಕೆಟ್‌ನ ವಿಳಾಸ ಬದಲಿಸುವ ಕೆಲಸ. 192.168 ರಿಂದ ಶುರುವಾಗುವ ವಿಳಾಸಗಳು ಖಾಸಗಿ. 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ಮಾರ್ಗಸೂಚಿ ಇವನ್ನೂ, 10 ರಿಂದ ಶುರುವಾಗುವವನ್ನೂ, 172.16 ರಿಂದ 172.31 ರವರೆಗಿನವನ್ನೂ ಒಳಗಿನ ಬಳಕೆಗೆ ಅಂತ ಎತ್ತಿಟ್ಟಿದೆ, ಹೊರಗಿನ ಇಂಟರ್ನೆಟ್‌ನಲ್ಲಿ ಇವಕ್ಕೆ ದಾರಿ ಇಲ್ಲ. ಹಾಗಾಗಿ ಪ್ಯಾಕೆಟ್ ಹೊರಗೆ ಕಾಲಿಡುವಾಗ ಫೈರ್‌ವಾಲ್ ತನ್ನ ಪಬ್ಲಿಕ್ ವಿಳಾಸವನ್ನು ಅದರ ಮೇಲೆ ಬರೆಯಬೇಕು. ಫೈರ್‌ವಾಲ್ ಕೂರಿಸಿದಾಗ ಇದ್ದದ್ದು ಒಂದೇ ನೆಟ್‌ವರ್ಕ್, ಆದ್ದರಿಂದ ನ್ಯಾಟ್ ರೂಲಿನಲ್ಲಿ 192.168.10.0 ಮಾತ್ರ ಇರುವ ಸಾಧ್ಯತೆ ಜಾಸ್ತಿ.

ಊಹೆ ಮಾಡುತ್ತಾ ಕೂರಬೇಡಿ, ಕಣ್ಣಿನಿಂದ ನೋಡಿ. ಗೋಡೌನಿನ ಕಂಪ್ಯೂಟರಿನಿಂದ 8.8.8.8 ಗೆ (ಗೂಗಲ್‌ನ ಸಾರ್ವಜನಿಕ ಸರ್ವರ್) ಬಿಡದೆ ಪಿಂಗ್ ಹಚ್ಚಿ, ಫೈರ್‌ವಾಲ್‌ನಲ್ಲಿ ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಪ್ಯಾಕೆಟ್ ಕ್ಯಾಪ್ಚರ್ ಶುರು ಮಾಡಿ. ಮೊದಲು ಒಳಗಿನ ಪೋರ್ಟ್, ಆಮೇಲೆ ಹೊರಗಿನದು. ಒಳಗೆ ಪ್ಯಾಕೆಟ್ ಕಾಣುವುದೇ ಇಲ್ಲ ಅಂದರೆ ತೊಂದರೆ ಇನ್ನೂ ಗೋಡೌನ್ ಕಡೆಯಲ್ಲೇ ಇದೆ. ಒಳಗೆ ಬಂದು ಹೊರಗೆ ಬರಲಿಲ್ಲ ಅಂದರೆ ಯಾವುದೋ ರೂಲ್ ತಡೆದಿದೆ, ಲಾಗ್ ನೋಡಿ. ಹೊರಗಿನ ಪೋರ್ಟಿನಲ್ಲಿ ‘192.168.20.25 > 8.8.8.8: ಐಸಿಎಂಪಿ ಎಕೋ ರಿಕ್ವೆಸ್ಟ್’ (ಪಿಂಗ್‌ನ ಪ್ರಶ್ನೆ) ಅಂತ ಸಾಲು ಮೇಲೆ ಸಾಲು ಬರುತ್ತಿದ್ದು ಒಂದಕ್ಕೂ ರಿಪ್ಲೈ ಇಲ್ಲ ಅಂದರೆ, ಸಿಕ್ಕಿತು ಕಳ್ಳ! ಖಾಸಗಿ ವಿಳಾಸ ಹೊತ್ತುಕೊಂಡೇ ಪ್ಯಾಕೆಟ್ ಬೀದಿಗೆ ಹೋಗುತ್ತಿದೆ. ನ್ಯಾಟ್ ರೂಲಿಗೆ 192.168.20.0 ಸೇರಿಸಿ. ಆಮೇಲೆ ಎಡಗಡೆ ನಿಮ್ಮ ಪಬ್ಲಿಕ್ ವಿಳಾಸ ಕಾಣಬೇಕು, ಕೆಳಗೆ ರಿಪ್ಲೈಗಳೂ ಬರಬೇಕು.

ಗೋಡೌನಿನ ರೂಟರಿನಲ್ಲೂ ಡಿಫಾಲ್ಟ್ ರೂಟ್ ಇದೆಯಾ ಅಂತ ನೋಡಿ. 192.168.10.0 ಗೆ ಮಾತ್ರ ದಾರಿ ಬರೆದು 0.0.0.0 (ಅದೇ ಡಿಫಾಲ್ಟ್ ರೂಟ್) ಮರೆತಿದ್ದರೂ ಫೈಲ್ ಸರ್ವರ್ ಸಿಗುತ್ತದೆ, ಇಂಟರ್ನೆಟ್ ಸಿಗುವುದಿಲ್ಲ. ದಾರಿಯ ಒಂದೊಂದೇ ನಿಲ್ದಾಣ ತೋರಿಸುವ ‘ಟ್ರೇಸರ್ಟ್’ ಕಮಾಂಡ್ ಓಡಿಸಿದಾಗ ನಿಮ್ಮದೇ ಗೋಡೌನ್ ರೂಟರ್ (ಅದರ ವಿಳಾಸ 192.168.20.1 ಅಂದುಕೊಳ್ಳೋಣ) ‘ಅನ್‌ರೀಚಬಲ್’ ಅಂದರೆ ಕಾರಣ ಇದೇ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಮುಂದಿನ ವಾರ ಖಂಡಿತ ಕೇಳುತ್ತೀರಿ. ಫೈರ್‌ವಾಲ್‌ಗೆ ರೂಟ್ ಸೇರಿಸಿದ ಮೇಲೆ ಮುಖ್ಯ ಕಟ್ಟಡದಿಂದ ಗೋಡೌನಿನ ಕ್ಯಾಮೆರಾಗೆ ಪಿಂಗ್ ಹೋಗುತ್ತದೆ, ಅದರ ವೆಬ್ ಪೇಜ್ ಮಾತ್ರ ತೆರೆಯುವುದಿಲ್ಲ ಅನ್ನುವ ವಿಚಿತ್ರ ಶುರುವಾಗಬಹುದು. ಹೋಗುವ ಪ್ಯಾಕೆಟ್ ಫೈರ್‌ವಾಲ್‌ಗೆ ಹೋಗಿ ಅಲ್ಲಿಂದ 192.168.10.2 ಗೆ ಬರುತ್ತದೆ. ವಾಪಸ್ ಬರುವುದು ಮಾತ್ರ ರೂಟರಿನಿಂದ ಸೀದಾ ನಿಮ್ಮ ಕಂಪ್ಯೂಟರಿಗೆ, ಇಬ್ಬರೂ ಒಂದೇ ನೆಟ್‌ವರ್ಕಿನಲ್ಲಿದ್ದಾರಲ್ಲ. ಹೀಗಾಗಿ ಫೈರ್‌ವಾಲ್‌ಗೆ ಒಬ್ಬರ ಮಾತು ಮಾತ್ರ ಕೇಳಿಸುತ್ತದೆ. ವೆಬ್ ಪೇಜ್ ಬಳಸುವ ಟಿಸಿಪಿ ಮೂರು ಸಂದೇಶಗಳಲ್ಲಿ ಕನೆಕ್ಷನ್ ಶುರು ಮಾಡುತ್ತದೆ. ಮೊದಲ ‘ಸಿನ್’ ಕಂಡಿತು, ಅದಕ್ಕೆ ಬಂದ ‘ಸಿನ್ ಆಕ್’ ಕಾಣಲಿಲ್ಲ, ಮೂರನೆಯದು ಬಂದಾಗ ಇದೇನೋ ಸರಿ ಇಲ್ಲ ಅಂತ ಕತ್ತರಿಸುತ್ತದೆ. ಪಿಂಗ್‌ಗೆ ಈ ತಾಪತ್ರಯ ಇಲ್ಲ. ಇದಕ್ಕೆ ತೇಪೆ ಹಚ್ಚುವ ಸೆಟ್ಟಿಂಗ್‌ಗಳಿವೆ, ನನಗೆ ಅವು ಇಷ್ಟ ಇಲ್ಲ. ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ಖಾಲಿ ಇದ್ದರೆ ಆ ರೂಟರನ್ನು ಅಲ್ಲಿಗೆ ಬದಲಿಸಿ, ಇಬ್ಬರ ನಡುವೆ 172.16.0.0/30 ಥರ ಎರಡೇ ವಿಳಾಸದ ಪುಟ್ಟ ನೆಟ್‌ವರ್ಕ್ ಕೊಡಿ, ಫೈರ್‌ವಾಲ್‌ನ ಸ್ಟ್ಯಾಟಿಕ್ ರೂಟಿನ ಗೇಟ್‌ವೇಯನ್ನೂ ಬದಲಿಸಿ. ಆಗ ಹೋಗುವುದೂ ಬರುವುದೂ ಒಂದೇ ಬಾಗಿಲಿನಿಂದ. ಸರ್ವರಿನಲ್ಲಿ ಯಾರೋ ಬರೆದಿಟ್ಟ ಆ ರೂಟನ್ನೂ ಅವತ್ತೇ ಅಳಿಸಿಬಿಡಿ.

ಪ್ರಶ್ನೆ: ನಮ್ಮ ಬ್ರಾಂಚಿನಿಂದ 8.8.8.8 ಗೆ ಪಿಂಗ್ ಹೋಗುತ್ತದೆ, ಆದರೆ ಒಂದು ಸೈಟೂ ತೆರೆಯುವುದಿಲ್ಲ. ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಹೆಡ್ ಆಫೀಸಿನ ಲಿನಕ್ಸ್ ಸರ್ವರಿನಲ್ಲಿದೆ, ಅಲ್ಲಿಯವರಿಗೆ ಏನೂ ತೊಂದರೆ ಇಲ್ಲ. ನಮಗೆ ಮಾತ್ರ ‘ಕ್ವೆರಿ ರೆಫ್ಯೂಸ್ಡ್’ ಅಂತ ಬರುತ್ತದೆ.

ಉತ್ತರ: ರೆಫ್ಯೂಸ್ಡ್ ಅಂತ ಉತ್ತರ ಬರುತ್ತಿದೆ ಅಂದರೆ ನೆಟ್‌ವರ್ಕ್ ಸರಿ ಇದೆ, ಪ್ರಶ್ನೆ ತಲುಪಿದೆ, ಸರ್ವರೇ ಮುಖ ತಿರುಗಿಸುತ್ತಿದೆ. ಫೈರ್‌ವಾಲ್ ಮುಟ್ಟಲೇಬೇಡಿ. ‘ಬೈಂಡ್’ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಅದು ಸುಮ್ನೆ ಬಿಟ್ಟರೆ ತನ್ನ ಕೇಬಲ್‌ಗೆ ಅಂಟಿದ ನೆಟ್‌ವರ್ಕ್‌ಗಳಿಗೆ ಮಾತ್ರ ಹೊರಗಿನ ಹೆಸರುಗಳನ್ನು ಹುಡುಕಿ ಕೊಡುತ್ತದೆ. ನಿಮ್ಮ ಬ್ರಾಂಚ್ ಅದಕ್ಕೆ ಪರಕೀಯ. ‘ಅಲೌ ರಿಕರ್ಷನ್’ ಪಟ್ಟಿಗೆ ಬ್ರಾಂಚಿನ ಸಬ್‌ನೆಟ್ ಸೇರಿಸಲು ಹೇಳಿ. ಪಟ್ಟಿಯಲ್ಲಿ ಹಳೆಯ ಹೆಡ್ ಆಫೀಸ್ ನೆಟ್‌ವರ್ಕ್ ಕೂಡ ಇರಬೇಕು, ಇಲ್ಲದಿದ್ದರೆ ನಿಮಗೆ ಸರಿಹೋಗಿ ಅವರಿಗೆ ಕೆಡುತ್ತದೆ. ‘ಎನಿ’ (ಯಾರಿಗಾದರೂ ಸರಿ) ಅಂತ ಮಾತ್ರ ಬರೆಸಬೇಡಿ.

ಪ್ರಶ್ನೆ: ನಮ್ಮ ಬ್ರಾಂಚಿನ ಇಂಟರ್ನೆಟ್ ಪೂರ್ತಿ ಐಪಿಸೆಕ್ ಟನಲ್ (ಗೂಢಲಿಪಿಯ ಖಾಸಗಿ ದಾರಿ) ಮೂಲಕ ಹೆಡ್ ಆಫೀಸಿನ ಫೈರ್‌ವಾಲ್ ದಾಟಿ ಹೋಗುತ್ತದೆ. ಕೆಲವು ಸೈಟ್ ತಕ್ಷಣ ಬರುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ. ಪಿಂಗ್, ಡಿಎನ್‌ಎಸ್ ಎಲ್ಲ ಸರಿ ಇದೆ.

ಉತ್ತರ: ಇದು ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಅಳತೆಯ, ವಾಸನೆ ಹೊಡೆಯುತ್ತಿದೆ. ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು, ಟನಲ್ ತನ್ನ ಹೊದಿಕೆಯನ್ನೂ ಹೊದಿಸಬೇಕಾದ್ದರಿಂದ ಒಳಗೆ ಜಾಗ ಕಡಿಮೆ. ಸೈಟ್ ಕಳಿಸಿದ ದೊಡ್ಡ ಪ್ಯಾಕೆಟ್ ಟನಲ್ ಬಾಯಲ್ಲಿ ಹಿಡಿಸುವುದಿಲ್ಲ. ಚಿಕ್ಕದು ಕಳಿಸು ಅಂತ ಹೇಳುವ ಐಸಿಎಂಪಿ ಸಂದೇಶವನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ನುಂಗಿಬಿಟ್ಟರೆ, ಸೈಟ್ ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಪಿಂಗ್ ಪುಟ್ಟದು, ಹಾಗಾಗಿ ಅದು ಆರಾಮಾಗಿ ದಾಟುತ್ತದೆ.

ವಿಂಡೋಸ್‌ನಲ್ಲಿ ಪಿಂಗ್‌ಗೆ ‘ಮೈನಸ್ ಎಫ್’ (ತುಂಡು ಮಾಡಬೇಡ) ಮತ್ತು ‘ಮೈನಸ್ ಎಲ್ 1472’ (ಅಳತೆ) ಕೊಟ್ಟು ಹೆಡ್ ಆಫೀಸಿನ ಯಾವುದಾದರೂ ಸರ್ವರ್‌ಗೆ ಕಳಿಸಿ. ಹೆಡರಿನ 28 ಸೇರಿ ಅದು ಸರಿಯಾಗಿ 1500 ಆಗುತ್ತದೆ, ಬಹುಶಃ ದಾಟುವುದಿಲ್ಲ. ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ಉದಾಹರಣೆಗೆ 1372 ದಾಟಿತು, 1373 ದಾಟಲಿಲ್ಲ ಅಂದುಕೊಳ್ಳಿ. ಆಗ ನಿಮ್ಮ ಎಂಟಿಯು 1400, ಅದರಲ್ಲಿ ಐಪಿ, ಟಿಸಿಪಿ ಹೆಡರುಗಳ 40 ಕಳೆದರೆ 1360. ಫೈರ್‌ವಾಲ್‌ನಲ್ಲಿ ಒಂದು ಪ್ಯಾಕೆಟ್‌ನಲ್ಲಿ ಎಷ್ಟು ಡೇಟಾ ಅಂತ ಮಿತಿ ಹಾಕುವ ‘ಎಂಎಸ್‌ಎಸ್ ಕ್ಲ್ಯಾಂಪ್’ ಅನ್ನುವ ಸೆಟ್ಟಿಂಗ್ ಹುಡುಕಿ ಟನಲ್‌ಗೆ ಆ 1360 ಹಾಕಿ. ಸುತ್ತುತ್ತಿದ್ದ ಪೇಜುಗಳನ್ನು ಹಾಗೇ ಬಿಡಬೇಡಿ, ಮುಚ್ಚಿ ಮತ್ತೆ ತೆರೆಯಿರಿ, ಏಕೆಂದರೆ ಈ ಅಳತೆ ಮಾತಾಗುವುದು ಕನೆಕ್ಷನ್ ಶುರುವಾಗುವಾಗ ಒಂದೇ ಸಲ.