ತಾಂಡಾ ಶಾಲೆಗೆ ಹತ್ತು ಟ್ಯಾಬ್ ಬಂದಿವೆ, ಮುಂದೇನು?

ಪ್ರಶ್ನೆ: ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾ ಶಾಲೆಯಲ್ಲಿ ನಾನು ಟೀಚರ್. ದಾನಿಗಳೊಬ್ಬರು ಹತ್ತು ಟ್ಯಾಬ್ ಕೊಟ್ಟಿದ್ದಾರೆ. ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ನೆಟ್‌ವರ್ಕ್ ಬೇಕಂದ್ರೆ ಗುಡಿ ಕಟ್ಟೆ ತನಕ ಹೋಗಬೇಕು. ಆಫ್ರಿಕಾದ ಹಳ್ಳಿ ಮಕ್ಕಳು ಟ್ಯಾಬ್ ಹಿಡಿದು ತಾವೇ ಓದಲು ಕಲಿತರು ಅಂತ ಒಂದು ವಿಡಿಯೊ ನೋಡಿದೆ. ನಿಜಾನಾ? ನಮ್ಮಲ್ಲೂ ಆಗುತ್ತಾ?
– ಒಬ್ಬ ಶಿಕ್ಷಕಿ, ಕಲಬುರಗಿ ಜಿಲ್ಲೆ

ಉತ್ತರ: ನಿಜ ಟೀಚರ್. ನೀವು ನೋಡಿದ್ದು ಟಾಂಜಾನಿಯಾದ್ದಿರಬೇಕು. ಎಕ್ಸ್‌ಪ್ರೈಜ್ ಸಂಸ್ಥೆ, ಮಕ್ಕಳು ತಾವೇ ಓದು-ಲೆಕ್ಕ ಕಲಿಯುವಂಥ ತಂತ್ರಾಂಶ ಯಾರು ಮಾಡ್ತಾರೆ ಅಂತ ಒಂದು ಸ್ಪರ್ಧೆ ಇಟ್ಟು, ಅಲ್ಲಿಯ 170 ಹಳ್ಳಿಗಳ ಸುಮಾರು 2,700 ಮಕ್ಕಳಿಗೆ ಟ್ಯಾಬ್ ಕೊಟ್ಟು 15 ತಿಂಗಳು ಕಾದು ನೋಡಿತು. 2019ರಲ್ಲಿ ಒನ್‌ಬಿಲಿಯನ್ ಮತ್ತು ಕಿಟ್‌ಕಿಟ್ ಸ್ಕೂಲ್ ಅನ್ನೋ ಎರಡು ತಂಡಗಳು ಬಹುಮಾನ ಹಂಚಿಕೊಂಡವು. ಶಾಲೆ ಮುಖವನ್ನೇ ನೋಡದ ಮಕ್ಕಳು ಅವರಲ್ಲಿ ಜಾಸ್ತಿ. ಅಂಥವರಲ್ಲೂ ಎಷ್ಟೋ ಮಕ್ಕಳು ಅಕ್ಷರ ಕೂಡಿಸಿ ಓದಿದರು.

ಆದರೆ ಅಲ್ಲಿ ಊರಿಗೊಂದು ಸೋಲಾರ್ ಚಾರ್ಜಿಂಗ್ ವ್ಯವಸ್ಥೆ ಇತ್ತು. ಪಾಠ ಸ್ವಾಹಿಲಿಯಲ್ಲಿತ್ತು, ಅಂದರೆ ಆ ಮಕ್ಕಳ ಕಿವಿಗೆ ಬಿದ್ದ ಭಾಷೆ. ನಿಮ್ಮ ಟ್ಯಾಬ್ ಒಳಗೆ ಏನಿದೆ ಅಂತ ಮೊದಲು ತೆಗೆದು ನೋಡಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಟ್ಯಾಬ್‌ನಲ್ಲಿ ‘ಎ ಫಾರ್ ಆ್ಯಪಲ್’ ಆದರೆ ಆ ಕೂಸು ಏನು ಮಾಡಬೇಕು ಹೇಳಿ?

ಸುಮ್ನೆ ಹಂಚಿದರೆ ಏನಾಗುತ್ತೆ ಅಂತ ನಾನೇ ಕಂಡಿದ್ದೇನೆ. ನಮ್ಮ ಕಡೆಯ ಒಂದು ಶಾಲೆ: ಕಂಪ್ಯೂಟರ್ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆ ಮೇಲೆ ಇಲಿ ಹಿಕ್ಕೆ, ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ, ಕೋಣೆ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿ. ಕೆಟ್ಟರೆ ದುಡ್ಡು ಯಾರು ಕೊಡಬೇಕು ಅನ್ನೋ ಹೆದರಿಕೆ, ಪಾಪ. ಆಫ್ರಿಕಾದ ರುವಾಂಡಾ ಶಾಲೆ ಮಕ್ಕಳಿಗೆ 2 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿತು, ಕರೆಂಟ್ ಮತ್ತು ತರಬೇತಿಯ ಗೋಳು ಅಲ್ಲೂ ತಪ್ಪಲಿಲ್ಲ. ಕೆನ್ಯಾದಲ್ಲಿ 2013ರ ಚುನಾವಣೆಯಲ್ಲಿ ಒಂದನೇ ಕ್ಲಾಸಿನವರಿಗೆ ಲ್ಯಾಪ್‌ಟಾಪ್ ಅಂದರು, 2016ರ ಹೊತ್ತಿಗೆ ಅದು ಟ್ಯಾಬ್ ಆಯಿತು, ನಡುವೆ ಶಾಲೆಗಳಿಗೆ ಕರೆಂಟ್ ಎಳೆಯೋದೇ ದೊಡ್ಡ ಕೆಲಸವಾಯಿತು.

ನನಗೆ ಹಿಡಿಸಿದ್ದು ಬೋಟ್ಸ್ವಾನಾದ ಪ್ರಯೋಗ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಸುಮಾರು 4,500 ಮನೆಗಳನ್ನು ಹಿಡಿದು ಮಾಡಿದ್ದು. ಕೆಲವು ಮನೆಗೆ ವಾರಕ್ಕೊಮ್ಮೆ ಲೆಕ್ಕದ ಎಸ್‌ಎಂಎಸ್ ಅಷ್ಟೇ. ಕೆಲವಕ್ಕೆ ಎಸ್‌ಎಂಎಸ್ ಜೊತೆ ಒಂದು ಫೋನ್ ಕಾಲ್, 15-20 ನಿಮಿಷ. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಫೋನ್ ಬಂದ ಮನೆಯ ಮಕ್ಕಳು ಕೂಡಿಸೋದು ಕಳೆಯೋದರಲ್ಲಿ ಮುಂದೆ ಬಂದರು. ಆ ಕಡೆ ಒಬ್ಬರು ‘27ರಲ್ಲಿ 9 ಹೋದರೆ ಎಷ್ಟಮ್ಮ?’ ಅಂತ ಕೇಳಿ, ಉತ್ತರಕ್ಕೆ ಕಾದು, ಬರದಿದ್ದರೆ ಇನ್ನೂ ಸುಲಭದ ಲೆಕ್ಕಕ್ಕೆ ಇಳಿಯುತ್ತಾರೆ ನೋಡಿ, ಎಸ್‌ಎಂಎಸ್‌ಗೆ ಅದು ಬರಲ್ಲ. ಇದಕ್ಕೆ ಸ್ಮಾರ್ಟ್‌ಫೋನೂ ಬೇಡ.

ಹಾಗಾಗಿ ಟ್ಯಾಬನ್ನು ಅಲ್ಮಾರಿಯಿಂದ ತೆಗೆಯಿರಿ, ಒಂದಕ್ಕೆ ಮೂವರನ್ನು ಕೂಡಿಸಿ. ಕೊಲಿಬ್ರಿ ಅಂತ ಉಚಿತ ತಂತ್ರಾಂಶ ಇದೆ. ಒಂದು ಹಳೇ ಲ್ಯಾಪ್‌ಟಾಪ್‌ಗೆ ಪಾಠ ತುಂಬಿಟ್ಟರೆ ಇಂಟರ್‌ನೆಟ್ ಇಲ್ಲದೆಯೂ ವೈಫೈ ಮೂಲಕ ಟ್ಯಾಬ್‌ಗಳಿಗೆ ಸಿಗುತ್ತೆ. ಲಂಬಾಣಿ ಕಥೆಗಳನ್ನು ತಾಂಡಾದ ಅಜ್ಜಿಯರಿಂದ ನೀವೇ ರೆಕಾರ್ಡ್ ಮಾಡಿ ಹಾಕಿ. ಅಪ್ಪ-ಅಮ್ಮನ ಜೊತೆ ಪುಣೆ, ಹೈದರಾಬಾದ್ ಕಡೆ ಗುಳೆ ಹೋದ ಮಕ್ಕಳಿದ್ದಾರಲ್ಲ, ವಾರಕ್ಕೆ ಐದು ಮಕ್ಕಳಿಗೆ ಫೋನ್ ಹಚ್ಚಿ. ರಾತ್ರಿ ಎಂಟರ ಮೇಲೆ, ಅಪ್ಪ ಕೆಲಸದಿಂದ ಬಂದ ಮೇಲೇ ಫೋನ್ ಆ ಮಗುವಿನ ಕೈಗೆ ಸಿಗೋದು.

ಪ್ರಶ್ನೆ: ಆಫ್ರಿಕಾದಲ್ಲಿ ಇನ್ನೂ ರೇಡಿಯೊ ಪಾಠ ಅಂತಾರಲ್ಲ, ಅದು ಹಳೇ ಕಾಲದ್ದಲ್ವಾ?
– ಓದುಗ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಹಳೇದೇ, ಆದರೆ ಸತ್ತಿಲ್ಲ ಸರ್. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಬಂದು ಶಾಲೆ ಮುಚ್ಚಿದಾಗ ರೇಡಿಯೊದಲ್ಲೇ ಪಾಠ ನಡೆಯಿತು, 2020ರಲ್ಲಿ ಮತ್ತೆ ಅದೇ ಕೈಹಿಡಿಯಿತು. ಜಾಂಬಿಯಾ 2000ದಲ್ಲಿ ಶುರು ಮಾಡಿದ ಪಾಠಗಳಲ್ಲಿ ರೇಡಿಯೊ ಟೀಚರ್ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಆ ಕೆಲವೇ ಸೆಕೆಂಡಿನಲ್ಲಿ ಮಕ್ಕಳು ಕೂಗಿ ಉತ್ತರ ಹೇಳಬೇಕು. ನಮ್ಮ ಆಕಾಶವಾಣಿಯ ‘ಕೇಳಿ ಕಲಿ’ ಕೂಡ ಇದೇ ಜಾತಿಯದು. ಹೊರಗೆ ನಿಂತು ಕೇಳಿದರೆ ಕ್ಲಾಸಿನಲ್ಲಿ ಜಗಳ ಬಿದ್ದಿದೆ ಅನ್ನಬೇಕು, ಅಷ್ಟು ಗದ್ದಲ.